ಮೀಟರ್ ನೋಡುವವನ ಬಗ್ಗೆ ಊರಿನವರ ಅಭಿಪ್ರಾಯ

ನಮ್ಮೂರಿನ ಟಾಕೀಸಿನಲ್ಲಿ ಮ್ಯಾಟ್ನಿ ಶುರುವಾಗುವ ಮೊದಲು ಹಿಂದಿನ ದಿನದ ಅಭಿಪ್ರಾಯಗಳನ್ನು ಓದುತ್ತಾರೆ. ಓದುವವನು ನಾನು. ತಿಪ್ಪೇಶಿ ಎಂದು ನನ್ನ ಹೆಸರು. ಬಾಗಿಲಲ್ಲಿ ನಿಂತು ಟಿಕೆಟ್ ಹರಿಯುವವನೂ ನಾನೇ, ಸೀಟಿನ ಮೇಲೆ ಕಾಲಿಟ್ಟವರನ್ನು ಬೈಯುವವನೂ ನಾನೇ. ಸಿನಿಮಾ ನೋಡಿದವರು ಉಳಿದ ಅರ್ಧ ಟಿಕೆಟ್ಟಿನ ಹಿಂಬದಿಯಲ್ಲಿ ತಮಗೆ ಅನ್ನಿಸಿದ್ದನ್ನು ಬರೆದು ಬಾಗಿಲ ಬಳಿಯ ಡಬ್ಬಿಗೆ ಹಾಕಿ ಹೋಗುತ್ತಾರೆ. ಮರುದಿನ ಎರಡೂವರೆಗೆ ನಾನು ಜನರಿಗೆ ಬೆನ್ನು ಹಾಕಿ, ಪರದೆಯ ಕಡೆ ಮುಖ ಮಾಡಿ ನಿಂತು, ಒಂದೊಂದನ್ನೂ ಗಟ್ಟಿಯಾಗಿ ಓದುತ್ತೇನೆ. ಕೇಳಿಸಿಕೊಳ್ಳಬೇಕಾದ್ದು ಪರದೆ. ಮೂರು ಗಂಟೆಗೆ ಸಿನಿಮಾ ಶುರುವಾದಾಗ ಅದು ಕೇಳಿಸಿಕೊಂಡಷ್ಟನ್ನು ತಿದ್ದಿಕೊಂಡಿರುತ್ತದೆ. ಇಪ್ಪತ್ತೊಂದು ವರ್ಷದಿಂದ ನಮ್ಮಲ್ಲಿ ಓಡುತ್ತಿರುವುದು ಒಂದೇ ಸಿನಿಮಾ. ಆದರೆ ಅದು ಒಂದೇ ಸಿನಿಮಾ ಎಂದು ಆಣೆಯಿಟ್ಟು ಹೇಳಲು ನನಗೆ ಧೈರ್ಯ ಸಾಲದು.

ಸಿನಿಮಾದ ಹೆಸರು ‘ಮೀಟರ್ ನೋಡುವವನು’. ಊರೂರಲ್ಲೂ ಹಬ್ಬಿದ್ದ ಒಂದು ಪುಕಾರನ್ನು ಹಿಡಿದು ತೆಗೆದದ್ದು. ಮಧ್ಯಾಹ್ನ ಖಾಕಿ ಅಂಗಿಯವನೊಬ್ಬ ಕರೆಂಟಿನ ಮೀಟರ್ ನೋಡಬೇಕು ಎಂದು ಬಂದು ಬಾಗಿಲು ಬಡಿಯುತ್ತಾನೆ, ತೆಗೆದವರು ಉಳಿಯುವುದಿಲ್ಲ. ಅವನನ್ನು ಕಂಡವರು ಯಾರೂ ಇರಲಿಲ್ಲ, ಕಂಡವರನ್ನು ಬಲ್ಲವರು ಮಾತ್ರ ಬೀದಿಗೊಬ್ಬರು ಇದ್ದರು. ನನ್ನ ಸೋದರತ್ತೆಯ ಪಕ್ಕದ ಮನೆಯವರ ಬೀಗರ ಮನೆಗೇ ಬಂದಿದ್ದನಂತೆ. ಸಿನಿಮಾದಲ್ಲಿ ಅವನು ಹುಡುಗಿಯರ ಹಾಸ್ಟೆಲ್ಲಿಗೆ ಬಂದು, ಉದ್ದನೆಯ ಸ್ಕ್ರೂಡ್ರೈವರಿನಿಂದ ಐದು ಜನರನ್ನು ಕೊಲ್ಲುತ್ತಾನೆ. ಕೊನೆಯಲ್ಲಿ ಅವನು ಯಾರೆಂದು ಗೊತ್ತಾಗುತ್ತದೆ. ಯಾರು ಎಂದು ನನ್ನನ್ನು ಕೇಳಬೇಡಿ. ಮೊದಲ ವರ್ಷ ವಾಚ್‌ಮನ್ ಆಗಿದ್ದ. ಬಡವನೇ ಯಾಕೆ ಕೊಲೆಗಾರ ಆಗಬೇಕು ಎಂದು ಯಾರೋ ಬರೆದ ಮೇಲೆ ಲೆಕ್ಚರರ್ ಆದ. ಊರಿನ ಲೆಕ್ಚರರುಗಳು ತಿರುಗಿಬಿದ್ದ ಮೇಲೆ ವಾರ್ಡನ್ನಿನ ತಮ್ಮನಾದ. ಹೋದ ವರ್ಷ ಇದೇ ವಿಷಯಕ್ಕೆ ಒಂದು ಮದುವೆ ಮಾತುಕತೆ ಮುರಿದುಬಿತ್ತು. ಹುಡುಗನ ಕಡೆಯವರು ಲೆಕ್ಚರರೇ ಎಂದರು, ಹುಡುಗಿಯ ಕಡೆಯವರು ವಾರ್ಡನ್ನಿನ ತಮ್ಮನೇ ಎಂದರು, ಇಬ್ಬರೂ ಕಣ್ಣಾರೆ ನೋಡಿದ್ದರು. ನಡುವೆ ಸಿಕ್ಕ ನನ್ನನ್ನು ಸಾಕ್ಷಿ ಹೇಳು ಎಂದರು. ನಾನು ಜ್ವರ ಎಂದು ಹೇಳಿ ಮನೆಯಲ್ಲಿ ಮಲಗಿಕೊಂಡೆ.

ಡಬ್ಬಿಯಲ್ಲಿ ಬೀಳುವ ಅಭಿಪ್ರಾಯಗಳನ್ನು ಓದಿ ಓದಿ ನನಗೆ ಯಾವ ವಿಷಯದಲ್ಲೂ ಸ್ವಂತ ಅಭಿಪ್ರಾಯ ಉಳಿದಿಲ್ಲ. ‘ಹೆದರಿಕೆ ಸಾಲದು.’ ‘ಹೆದರಿಕೆ ಜಾಸ್ತಿಯಾಯಿತು, ನಮ್ಮತ್ತೆಗೆ ಬಿ.ಪಿ. ಇದೆ.’ ‘ಎರಡನೇ ಹುಡುಗಿ ಕರೆಂಟು ಹೋದಾಗ ಒಬ್ಬಳೇ ಬಚ್ಚಲಿಗೆ ಯಾಕೆ ಹೋಗಬೇಕು, ಅಷ್ಟೂ ಬುದ್ಧಿ ಇಲ್ಲವೇ.’ ‘ಚಪ್ಪಲಿ ಹಾಕಿಕೊಂಡು ದೇವರ ಪಟದ ಮುಂದೆ ಕೊಲೆ ಮಾಡುವುದು ಸರಿಯಲ್ಲ.’ ಈ ಕೊನೆಯದನ್ನು ಓದಿದಂದಿನಿಂದ ಕೊಲೆಗಾರ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಒಳಗೆ ಹೋಗುತ್ತಾನೆ. ಅಲ್ಲಿ ಬಿಟ್ಟ ಜೋಡಿ ಚಪ್ಪಲಿಯನ್ನು ನೋಡಿ ಜನ ಮೊದಲಿಗಿಂತ ಹೆಚ್ಚು ಹೆದರಿದರು. ಒಂದು ದಿನ ಅವನಿಗೆ ಮೀಸೆ ಬೇಕು ಎಂದು ಹನ್ನೆರಡು ಜನ, ಬೇಡ ಎಂದು ಹನ್ನೆರಡು ಜನ ಬರೆದಿದ್ದರು. ಅವತ್ತು ಅವನು ಬಲಗಡೆ ಮಾತ್ರ ಮೀಸೆ ಇಟ್ಟುಕೊಂಡು ಬಂದ. ಯಾರೂ ನಗಲಿಲ್ಲ.

ಅಭಿಪ್ರಾಯ ಬರೆಯುವುದರಲ್ಲಿ ಅಜ್ಜಯ್ಯ ಮೇಷ್ಟ್ರನ್ನು ಮೀರಿಸಿದವರಿಲ್ಲ. ಹೈಸ್ಕೂಲಿನಲ್ಲಿ ಡ್ರಿಲ್ ಮಾಡಿಸಿ ನಿವೃತ್ತರಾದವರು. ಟಿಕೆಟ್ಟಿನ ಅಂಗೈಯಗಲದ ಜಾಗದಲ್ಲಿ ಇಪ್ಪತ್ತು ಸಾಲು ತುಂಬುತ್ತಾರೆ. ಮೂರನೇ ಕೊಲೆಗೂ ನಾಲ್ಕನೇ ಕೊಲೆಗೂ ನಡುವೆ ಉಸಿರಾಡಲು ಜಾಗವಿಲ್ಲ, ಬಾಗಿಲು ಬಡಿಯುವ ಸದ್ದಿಗಿಂತ ಮೊದಲೇ ಸಂಗೀತ ಬಂದು ಗುಟ್ಟು ಬಿಟ್ಟುಕೊಡುತ್ತದೆ, ಹೀಗೆ. ಅವರು ಹೇಳಿದ್ದು ಬಹುತೇಕ ಸರಿಯಾಗಿಯೇ ಇರುತ್ತದೆ. ಅದಕ್ಕೇ ಅವರನ್ನು ಕಂಡರೆ ನನಗೆ ಆಗುವುದಿಲ್ಲ.

ಇನ್ನು ಹಾಲಕ್ಕನ ವಿಷಯಕ್ಕೆ ಬರಬೇಕು. ಬಸ್ ಸ್ಟ್ಯಾಂಡಿನ ಎದುರು ಮಂಡಕ್ಕಿ ಅಂಗಡಿ ಇಟ್ಟಿರುವ ಹಾಲಮ್ಮನನ್ನು ಊರೆಲ್ಲ ಹಾಲಕ್ಕ ಎನ್ನುತ್ತದೆ. ಅವರ ಒಬ್ಬಳೇ ಮಗಳು ವನಮಾಲ ದೂರದ ಪಟ್ಟಣದ ಹಾಸ್ಟೆಲ್ಲಿನಲ್ಲಿ ಓದುತ್ತಿದ್ದಳು. ಸಿನಿಮಾದವರು ಅದೇ ಹಾಸ್ಟೆಲ್ಲಿಗೆ ಚಿತ್ರೀಕರಣಕ್ಕೆ ಬಂದಾಗ ಅಲ್ಲಿದ್ದ ಹುಡುಗಿಯರಲ್ಲೇ ಒಬ್ಬಳನ್ನು ಹಾಕಿಕೊಂಡರು. ಅವಳೇ ವನಮಾಲ. ಹೆಸರು ಚೆನ್ನಾಗಿದೆ ಎಂದು ಪಾತ್ರಕ್ಕೂ ಅದನ್ನೇ ಇಟ್ಟರು. ಸಿನಿಮಾದಲ್ಲಿ ಅವಳು ಬರುವುದು ಹನ್ನೊಂದು ನಿಮಿಷ. ಸಾಯುವವರಲ್ಲಿ ನಾಲ್ಕನೆಯವಳು. ಸಿನಿಮಾ ನಮ್ಮೂರಿಗೆ ಬರುವ ಮೊದಲೇ ಅವಳಿಗೆ ಕಾಮಾಲೆಯಾಗಿ, ಮನೆಗೆ ಕರೆತಂದ ಒಂಬತ್ತನೇ ದಿನಕ್ಕೆ ತೀರಿಕೊಂಡಳು. ಹತ್ತೊಂಬತ್ತು ವರ್ಷ.

ಸಿನಿಮಾ ಊರಿಗೆ ಬಂದಂದಿನಿಂದ ಹಾಲಕ್ಕ ಪ್ರತಿ ದಿನ ಮ್ಯಾಟ್ನಿಗೆ ಬರುತ್ತಾರೆ. ಅಂಗಡಿಯ ಮುಂದೆ ಗೋಣಿತಾಟು ಇಳಿಬಿಟ್ಟು, ಕೈಯಲ್ಲಿ ಅಂಟಿದ ಹುರಿಗಡಲೆ ಪುಡಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತ ಬಂದು ಮೂರನೇ ಸಾಲಿನ ಅಂಚಿನಲ್ಲಿ ಕೂರುತ್ತಾರೆ. ವನಮಾಲ ಪರದೆಯ ಮೇಲೆ ಬರುತ್ತಾಳೆ, ಕೂದಲು ಒಣಗಿಸಿಕೊಳ್ಳುತ್ತಾಳೆ, ಗೆಳತಿಯ ಜೊತೆ ಏನೋ ಮಾತಾಡಿ ನಗುತ್ತಾಳೆ. ಆಮೇಲೆ ಬಾಗಿಲ ಸದ್ದು. ಆಮೇಲೆ ಕಿರುಚು. ಅದು ಬರುವ ಮೊದಲೇ, ಗೆಳತಿ ಹೊರಡುವಾಗಲೇ, ನಾನು ಎದ್ದು ಸೈಕಲ್ ಸ್ಟ್ಯಾಂಡಿಗೆ ಹೋಗಿಬಿಡುತ್ತಿದ್ದೆ. ಹೆತ್ತವಳು ಇದನ್ನು ದಿನಾ ಹೇಗೆ ನೋಡುತ್ತಾಳೆ ಎಂದು ಅಲ್ಲಿ ಕೂತು ಯೋಚಿಸುತ್ತಿದ್ದೆ. ಸತ್ಯ ಹೇಳಬೇಕೆಂದರೆ ಸ್ವಲ್ಪ ಸಿಟ್ಟೂ ಬರುತ್ತಿತ್ತು.

ನಮ್ಮೂರಿನಲ್ಲಿ ಒಬ್ಬರಿಗೆ ಒಳ್ಳೆಯದು ಮಾಡುವ ಮೊದಲು ಅವರನ್ನು ಕೇಳುವ ಪದ್ಧತಿ ಇಲ್ಲ. ಕೇಳಿದರೆ ಅವರು ಬೇಡ ಅನ್ನುತ್ತಾರೆ, ಆಮೇಲೆ ಮಾಡುವುದಕ್ಕೆ ಬರುವುದಿಲ್ಲ. ಹಾಗಾಗಿ ಈ ಸಲ ವನಮಾಲ ತೀರಿಕೊಂಡ ದಿನ ಹತ್ತಿರ ಬಂದಾಗ ನಾನೇ ಒಂದು ಉಪಾಯ ಮಾಡಿದೆ. ನಾನೇ ಮಾಡಿದ್ದು, ಬೇರೆಯವರ ತಲೆಗೆ ಕಟ್ಟುವುದಿಲ್ಲ. ಮನೆಮನೆಗೆ ಹೋಗಿ, ಎಲ್ಲರೂ ಅದರ ಹಿಂದಿನ ದಿನದ ಆಟಕ್ಕೆ ಬನ್ನಿ, ಬಂದು ಟಿಕೆಟ್ಟಿನ ಹಿಂದೆ ಒಂದೇ ಮಾತು ಬರೆಯಿರಿ ಎಂದೆ. ಹಾಲಕ್ಕನಿಗೆ ಸುಳಿವು ಸಿಗಬಾರದು ಎಂದೂ ಹೇಳಿದೆ. ಟಾಕೀಸಿನ ಮಾಲೀಕ ರುದ್ರಮುನಿ ಕೂಡ ಒಂದು ಟಿಕೆಟ್ ಹರಿಸಿಕೊಂಡು ಬರೆದ. ಇದುವರೆಗೆ ಯಾಕೆ ಹೊಳೆಯಲಿಲ್ಲ ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು.

ಮರುದಿನ ಡಬ್ಬಿ ತೆರೆದರೆ ಎಪ್ಪತ್ತು ಚೀಟಿ. ಅರವತ್ತೊಂಬತ್ತರಲ್ಲಿ ‘ವನಮಾಲ ಸಾಯಬಾರದು’ ಎಂದಿತ್ತು. ಒಂದರಲ್ಲಿ ಇರುವೆಯಂಥ ಅಕ್ಷರ. ‘ನಾಲ್ಕನೆಯವಳು ಸಾಯದಿದ್ದರೆ ಅವಳಿಗೆ ಈ ಕತೆಯಲ್ಲಿ ಕೆಲಸವೇ ಇರುವುದಿಲ್ಲ. ಎಲ್ಲರೂ ಇನ್ನೊಮ್ಮೆ ಯೋಚಿಸುವುದು ಒಳ್ಳೆಯದು.’ ಅಜ್ಜಯ್ಯ ಮೇಷ್ಟ್ರಿಗೆ ಎದೆಯಲ್ಲಿ ಹೃದಯದ ಬದಲು ಸೀಟಿ ಇದೆ ಎಂದುಕೊಂಡು ಅದನ್ನು ಜೇಬಿಗೆ ಹಾಕಿಕೊಂಡೆ. ಇಷ್ಟು ವರ್ಷದಲ್ಲಿ ನಾನು ಓದದೆ ಬಿಟ್ಟ ಚೀಟಿ ಅದೊಂದೇ. ಉಳಿದ ಅರವತ್ತೊಂಬತ್ತನ್ನೂ ಗಂಟಲು ಹರಿಯುವ ಹಾಗೆ ಓದಿದೆ. ಹಾಲಕ್ಕ ಮೊದಲ ಚೀಟಿಗೇ ತಲೆಯೆತ್ತಿದವರು ಕೊನೆಯ ಚೀಟಿಯವರೆಗೂ ತಲೆ ತಗ್ಗಿಸಲಿಲ್ಲ. ಅದು ಸಂತೋಷ ಎಂದುಕೊಂಡೆ.

ಅವತ್ತಿನ ಆಟದಲ್ಲಿ ಮೀಟರ್ ನೋಡುವವನು ನಾಲ್ಕನೇ ರೂಮಿನ ಮುಂದೆ ಬಂದ, ಬಾಗಿಲು ಬಡಿಯಲು ಕೈ ಎತ್ತಿದ, ಏನೋ ನೆನಪಾದವನಂತೆ ಇಳಿಸಿದ. ಗೋಡೆಯ ಮೇಲಿನ ಮೀಟರ್ ನೋಡಿ, ಚೀಟಿಯಲ್ಲಿ ಗುರುತು ಹಾಕಿಕೊಂಡು ಹೊರಟುಹೋದ. ಇಡೀ ಟಾಕೀಸು ಚಪ್ಪಾಳೆ ಹೊಡೆಯಿತು. ಆಮೇಲೆ ಪರದೆಯ ಮೇಲೆ ವನಮಾಲ ಒಂದು ಬ್ಯಾಗಿಗೆ ಬಟ್ಟೆ ತುಂಬಿಕೊಂಡಳು. ರೂಮಿಗೆ ಬೀಗ ಹಾಕಿ ಎರಡು ಸಲ ಎಳೆದು ನೋಡಿದಳು. ಗೇಟಿನ ಹೊರಗೆ ಬಂದು ನಿಂತ ಬಸ್ಸು ಹತ್ತಿದಳು. ಬಸ್ಸು ಹೋಯಿತು. ನಾವು ಅದಕ್ಕೂ ಚಪ್ಪಾಳೆ ಹೊಡೆದೆವು.

ಮರುದಿನ ನಾಲ್ಕನೇ ರೂಮಿಗೆ ಬೀಗ ಇತ್ತು. ಮೀಟರ್ ನೋಡುವವನು ಬಂದು, ಬೀಗ ನೋಡಿ, ಮುಂದೆ ಹೋದ. ಅದರ ಮರುದಿನವೂ ಅಷ್ಟೇ. ಮೂರನೇ ದಿನ ಆಟ ಮುಗಿದು ಎಲ್ಲರೂ ಹೋದ ಮೇಲೂ ಹಾಲಕ್ಕ ಕೂತೇ ಇದ್ದರು. ನಾನು ಹತ್ತಿರ ಹೋದೆ.

“ಎಲ್ಲಿಗೆ ಹೋದ್ಳು ತಿಪ್ಪೇಶಿ?” ಎಂದರು.

“ಬಸ್ ಹತ್ತಿದ್ಲಲ್ಲ ಹಾಲಕ್ಕ. ಉಳ್ಕೊಂಡ್ಳು.”

“ಅದು ಸರಿ ಕಣಪ್ಪ. ಆದ್ರೆ ಕಾಣಂಗಿಲ್ವಲ್ಲ.”

ಅಲ್ಲಿಂದ ಊರಿನ ಫಜೀತಿ ಶುರುವಾಯಿತು. ‘ವನಮಾಲ ವಾಪಸು ಬರಲಿ’ ಎಂದು ಬರೆದರು. ಓದಿದೆ. ಅವತ್ತಿನ ಆಟದಲ್ಲಿ ಬೀಗವೇನೋ ತೆಗೆದಿತ್ತು, ಒಳಗೆ ಬೇರೆ ಯಾರೋ ಕನ್ನಡಕದ ಹುಡುಗಿ ಇದ್ದಳು. ಹಾಸ್ಟೆಲ್ ರೂಮನ್ನು ಎಷ್ಟು ದಿನ ಖಾಲಿ ಇಡುತ್ತಾರೆ, ವಾರ್ಡನ್ ಇನ್ನೊಬ್ಬಳಿಗೆ ಕೊಟ್ಟಿದ್ದಳು. ‘ಬಸ್ಸು ಎಲ್ಲಿಗೆ ಹೋಯಿತು ತೋರಿಸಿ’ ಎಂದು ಬರೆದರು. ಅವತ್ತು ಎಂಟು ನಿಮಿಷ ಬರೀ ರಸ್ತೆ, ಧೂಳು, ದೂರದಲ್ಲಿ ಬಸ್ಸಿನ ಹಿಂಭಾಗ. ಎಲ್ಲೂ ನಿಲ್ಲಲಿಲ್ಲ. ‘ಅವಳು ತಾಯಿಗೆ ಒಂದು ಕಾಗದ ಬರೆಯಲಿ’ ಎಂದು ಯಾರೋ ಬರೆದರು. ಪರದೆಯ ಮೇಲೆ ಅಂಚೆಯವನು ಹಾಸ್ಟೆಲ್ಲಿಗೆ ಬಂದು, ಯಾರ ಹೆಸರೂ ಕರೆಯದೆ, ನೀರು ಕುಡಿದು ಹೋದ. ಇಪ್ಪತ್ತೊಂದು ವರ್ಷ ನಮ್ಮ ಮಾತು ಕೇಳಿದ ಸಿನಿಮಾ ಈಗ ಕೇಳುತ್ತಿದೆಯೋ ಇಲ್ಲವೋ, ಕೇಳಿಯೂ ಹೀಗೆ ಮಾಡುತ್ತಿದೆಯೋ, ಯಾರಿಗೂ ಅರ್ಥವಾಗಲಿಲ್ಲ.

ಕೊನೆಗೆ ನಾನು ಜೇಬಿನಲ್ಲಿದ್ದ ಚೀಟಿಯನ್ನು ತೆಗೆದುಕೊಂಡು ಅಜ್ಜಯ್ಯ ಮೇಷ್ಟ್ರ ಮನೆಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. ಇದನ್ನು ಓದಲಿಲ್ಲ, ತಪ್ಪಾಯಿತು ಎಂದೆ. ಅವರು ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ಓದಿದ್ರೂ ಅಷ್ಟೇ ಆಗ್ತಿತ್ತು, ಒಂದಕ್ಕೆ ಅರವತ್ತೊಂಬತ್ತು,” ಎಂದರು. “ನೋಡು ತಿಪ್ಪೇಶಿ, ಆ ಹುಡುಗಿ ಕತೆಗೆ ಬಂದಿದ್ದೇ ಸಾಯೋಕೆ. ಅದೊಂದೇ ಕೆಲಸ ಅವಳಿಗೆ ಕೊಟ್ಟಿದ್ದು. ಅದನ್ನ ನಾವು ಕಿತ್ಕೊಂಡ್ವಿ. ಇನ್ಯಾಕೆ ಇರ್ತಾಳೆ?”

“ಹಂಗಾದ್ರೆ ಏನ್ ಬರೀಬೇಕು ಮೇಷ್ಟ್ರೇ?”

“ಏನ್ ಬರೀಬೇಕು ಅಂತ ನಿಂಗೂ ಗೊತ್ತು. ಯಾರು ಬರೀತಾರೆ ಅನ್ನೋದು ಪ್ರಶ್ನೆ. ನನ್ನ ಕೈಲಿ ಆಗಲ್ಲಪ್ಪ.”

ಅವರ ಕೈಯಲ್ಲಿ ಆಗದ ಮೇಲೆ ಬೇರೆಯವರ ಮಾತೇನು. ಒಂದು ವಾರ ಡಬ್ಬಿಯಲ್ಲಿ ಬಿದ್ದದ್ದೆಲ್ಲ ಖಾಲಿ ಟಿಕೆಟ್ಟು. ಬರೆಯುವವರು ಪೆನ್ನು ಹಿಡಿದು ನಿಲ್ಲುತ್ತಿದ್ದರು, ಹಾಲಕ್ಕ ಕೂತ ಕಡೆ ನೋಡುತ್ತಿದ್ದರು, ಹಾಗೇ ಮಡಚಿ ಹಾಕಿ ಹೋಗುತ್ತಿದ್ದರು. ಒಂದು ಹೆಣ್ಣುಮಗಳ ಜೀವ ಉಳಿಸಿದೆ ಎಂದು ಬೀಗಿದ್ದವನು ನಾನು. ಈಗ ಅವಳನ್ನು ಕೊಲ್ಲಿ ಎಂದು ಯಾರಾದರೂ ಬರೆಯಲಪ್ಪ ಎಂದು ಕಾಯುತ್ತಿದ್ದವನೂ ನಾನೇ. ಇದರಲ್ಲಿ ಯಾವುದು ಒಳ್ಳೆಯ ಬುದ್ಧಿ, ಯಾವುದು ಕೆಟ್ಟ ಬುದ್ಧಿ ಎಂದು ಇವತ್ತಿಗೂ ನನಗೆ ತಿಳಿಯದು.

ಎಂಟನೇ ದಿನ ಆಟ ಮುಗಿದ ಮೇಲೆ ಹಾಲಕ್ಕ ತಮ್ಮ ಅರ್ಧ ಟಿಕೆಟ್ಟನ್ನು ಹಿಡಿದುಕೊಂಡು ನನ್ನ ಸ್ಟೂಲಿನ ಹತ್ತಿರ ಬಂದರು. ಅವರಿಗೆ ಓದುಬರಹ ಬರುವುದಿಲ್ಲ. ಅಂಥವರಿಗೆ ಬರೆದುಕೊಡುವುದು ನನ್ನ ಕೆಲಸದಲ್ಲೇ ಸೇರಿದೆ. ಇಷ್ಟು ವರ್ಷದಲ್ಲಿ ಹಾಲಕ್ಕ ನನ್ನ ಹತ್ತಿರ ಒಂದಕ್ಷರ ಬರೆಸಿರಲಿಲ್ಲ.

“ಬರಿಯಪ್ಪ,” ಎಂದರು. “ನನ್ನ ಮಗಳನ್ನ ಅವನು ಕೊಲ್ಲಲಿ.”

ಪೆನ್ನು ತೆಗೆದೆ, ಮುಚ್ಚಳ ತೆಗೆಯಲಿಲ್ಲ. “ಹಾಲಕ್ಕ, ಒಂದ್ಮಾತು. ಎಲ್ಲೋ ಒಂದ್ ಊರಲ್ಲಿ ಬಸ್ ಇಳ್ದು ಚೆನ್ನಾಗಿದಾಳೆ ಅಂತ ಅಂದ್ಕೊಬೋದಲ್ಲ. ನಮ್ ಮನಸ್ಸಿಗೆ ಅಷ್ಟೇ ಸಾಕಾಗಲ್ವಾ?”

“ನಿಮಗೆ ಸಾಕು,” ಎಂದರು ಹಾಲಕ್ಕ. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. “ನಾನು ಈ ಕೈಯಾಗೆ ಮಣ್ಣು ಹಾಕಿದೀನಿ ತಿಪ್ಪೇಶಿ. ನಂಗೆ ಅವಳು ಬದುಕಿದಾಳೆ ಅಂತ ಯಾರೂ ಹೇಳೋದು ಬ್ಯಾಡ. ನಂಗೆ ದಿನಾ ಕಾಣ್ಬೇಕು, ಅಷ್ಟೇ. ಹನ್ನೊಂದು ನಿಮಿಷ ಕಾಣ್ತಿದ್ಲು. ಅದನ್ನ ಕೊಟ್ಟು ನೀವು ಬಸ್ ತಗಂಡ್ರಿ.”

ನಾನು ಪೆನ್ನಿನ ಮುಚ್ಚಳ ತೆಗೆದೆ. ನನ್ನನ್ನು ಒಂದು ಮಾತು ಕೇಳಬಾರದಾಗಿತ್ತಾ ಎಂದು ಅವರು ಅಂದಿದ್ದರೆ ಅಲ್ಲೇ ಕಾಲಿಗೆ ಬೀಳುತ್ತಿದ್ದೆನೋ ಏನೋ. ಅವರು ಅನ್ನಲಿಲ್ಲ. ನಾನು ಬರೆದೆ. ‘ನನ್ನ ಮಗಳನ್ನು ಅವನು ಕೊಲ್ಲಲಿ.’ ಟಿಕೆಟ್ಟನ್ನು ಡಬ್ಬಿಗೆ ಹಾಕಲು ಹೋದೆ.

“ತಡಿ, ಇನ್ನೂ ಐತೆ,” ಎಂದರು ಹಾಲಕ್ಕ. ಪಕ್ಕದ ಬೆಂಚಿನ ಮೇಲೆ ಕೂತುಕೊಂಡರು. “ನೀನು ಆ ಹೊತ್ತಿಗೆ ಎದ್ದು ಹೊರಗೆ ಹೋಗ್ತಿದ್ದೆ, ನೋಡಿರಲ್ಲ. ಅವಳು ಅನ್ನ ಕಲಸ್ಕೊಂಡು ಕೂತಿರ್ತಾಳೆ. ಎರಡು ತುತ್ತು ತಿಂದಿರ್ತಾಳೆ. ಮೂರನೇದು ಕೈಯಾಗೇ ಇರುತ್ತೆ, ಅಷ್ಟೊತ್ತಿಗೆ ಅವನು ಬಾಗಿಲು ಬಡಿತಾನೆ. ಇಪ್ಪತ್ತೊಂದು ವರ್ಷ ಆಯ್ತು, ನನ್ನ ಮಗಳು ಹಸ್ಕೊಂಡೇ ಸಾಯ್ತಾಳೆ. ಕಾಯಿಲೆಯಾಗೂ ಅಷ್ಟೇ ಕಣಪ್ಪ, ಏನೂ ತಿಂದಿರ್ಲಿಲ್ಲ. ಗಂಜಿನೂ ನಿಲ್ತಿರ್ಲಿಲ್ಲ.”

ಆಮೇಲೆ ಅವರು ಬರೆಸಿದ್ದನ್ನು ಹೇಳಿದ ಹಾಗೇ ಬರೆದುಕೊಂಡೆ. ಟಿಕೆಟ್ಟಿನಲ್ಲಿ ಜಾಗ ಸಾಲದೆ ಅಂಚಿನಲ್ಲಿ ತಿರುಗಿಸಿ ಬರೆದೆ.

ಮರುದಿನ ಟಾಕೀಸು ತುಂಬಿತ್ತು. ಸುದ್ದಿ ಹೇಗೆ ಹಬ್ಬಿತೋ ಗೊತ್ತಿಲ್ಲ, ನಾನಂತೂ ಬಾಯಿ ಬಿಟ್ಟಿರಲಿಲ್ಲ. ಡಬ್ಬಿಯಲ್ಲಿ ಅಕ್ಷರ ಇದ್ದದ್ದು ಒಂದೇ ಟಿಕೆಟ್ಟಿನ ಮೇಲೆ. ಪರದೆಯ ಕಡೆ ಮುಖ ಮಾಡಿ ನಿಂತೆ. ಎರಡು ಸಲ ಕೆಮ್ಮಿದೆ. “ನನ್ನ ಮಗಳನ್ನು ಅವನು ಕೊಲ್ಲಲಿ,” ಎಂದು ಓದಿದಾಗ ಹಿಂದೆ ಯಾರೋ ಹೆಂಗಸರು ಬಿಕ್ಕಿದ್ದು ಕೇಳಿಸಿತು. “ಆದರೆ ಅವಳು ಊಟ ಮುಗಿಸಿದ ಮೇಲೆ ಕೊಲ್ಲಲಿ. ಅಲ್ಲಿತನಕ ಅವನು ಹೊರಗೆ ಕಾಯಲಿ. ಹಾಲಮ್ಮ, ಮಂಡಕ್ಕಿ ಅಂಗಡಿ.” ಅಷ್ಟೇ ಓದುವುದಿತ್ತು. ನಾನು ಪೂರ್ತಿ ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದ ಕೆಲಸ ಅವತ್ತು ಅರ್ಧ ನಿಮಿಷಕ್ಕೆ ಮುಗಿಯಿತು. ಉಳಿದ ಹೊತ್ತು ಎಲ್ಲರೂ ಬಿಳಿ ಪರದೆಯನ್ನು ನೋಡುತ್ತ ಕೂತೆವು.

ಮೊದಲನೆಯವಳು, ಎರಡನೆಯವಳು, ಮೂರನೆಯವಳು ಸತ್ತರು. ಯಾರೂ ಅವರ ಕಡೆ ಗಮನ ಕೊಡಲಿಲ್ಲ. ಆಮೇಲೆ ನಾಲ್ಕನೇ ರೂಮು. ಬೀಗ ಇರಲಿಲ್ಲ. ಒಳಗೆ ವನಮಾಲ ಕಿಟಕಿಯ ಹತ್ತಿರ ನಿಂತು ಕೂದಲು ಒಣಗಿಸಿಕೊಳ್ಳುತ್ತಿದ್ದಳು. ಸ್ವಲ್ಪ ಕಪ್ಪಾಗಿದ್ದಳು, ಬಿಸಿಲಲ್ಲಿ ದೂರ ತಿರುಗಿ ಬಂದವಳಂತೆ. ಹಾಲಕ್ಕ ಮುಂದಿನ ಸೀಟಿನ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಗೆಳತಿಯ ಜೊತೆ ಮಾತು, ನಗು, ಎಲ್ಲ ಇದ್ದ ಹಾಗೇ ಬಂತು. ಗೆಳತಿ ಹೋದಳು. ವನಮಾಲ ಚಾಪೆ ಹಾಸಿಕೊಂಡು, ಕ್ಯಾರಿಯರ್ ಬಿಚ್ಚಿ, ತಟ್ಟೆಗೆ ಅನ್ನ ಹಾಕಿ ಸಾರು ಬಿಟ್ಟು ಕಲಸಿದಳು.

ಅವನು ಹೊರಗೆ ಬಂದು ನಿಂತ. ಅವತ್ತು ನಾನು ಸೈಕಲ್ ಸ್ಟ್ಯಾಂಡಿಗೆ ಹೋಗಲಿಲ್ಲ. ಒಂದು ತುತ್ತು, ಎರಡು ತುತ್ತು. ಮೂರನೇ ತುತ್ತು ಅವಳ ಕೈಯಲ್ಲಿತ್ತು. ಬಾಗಿಲ ಸದ್ದು ಬರಲಿಲ್ಲ. ಅವಳು ಅದನ್ನು ಬಾಯಿಗೆ ಹಾಕಿಕೊಂಡಳು, ಅಗಿದಳು, ನುಂಗಿದಳು. ಹೊರಗೆ ಅವನು ಒಂದು ಕಾಲಿನ ಮೇಲಿಂದ ಇನ್ನೊಂದು ಕಾಲಿನ ಮೇಲೆ ಭಾರ ಬದಲಿಸಿದ. ಆಮೇಲೆ ಮೆಟ್ಟಿಲ ಮೇಲೆ ಕೂತುಕೊಂಡ. ವನಮಾಲ ಬೆರಳಿನಿಂದ ತಟ್ಟೆಯ ಅಂಚನ್ನು ಬಳಿದುಕೊಂಡು ಉಂಡಳು. ಟಾಕೀಸಿನಲ್ಲಿ ಯಾರೂ ಕೆಮ್ಮಲಿಲ್ಲ. “ನಿಧಾನ ಕಣೇ, ನಿಧಾನ,” ಎಂದು ಹಾಲಕ್ಕ ಮೆಲ್ಲಗೆ ಹೇಳುತ್ತಿದ್ದುದು ನನಗೆ ಬಾಗಿಲವರೆಗೂ ಕೇಳಿಸಿತು.

ಇಂಟರ್‌ವಲ್ ಬೆಲ್ಲಿನ ಹೊತ್ತು ಮೀರಿತು. ಹನ್ನೊಂದು ನಿಮಿಷವೂ ಮೀರಿ ಎಷ್ಟೋ ಹೊತ್ತಾಗಿತ್ತು. ರುದ್ರಮುನಿ ಕತ್ತಲಲ್ಲಿ ತಡವುತ್ತ ಬಂದು, ಬೆಲ್ ಹೊಡಿಲೇನು, ಆಟ ನಿಂತೇ ಹೋಯ್ತಲ್ಲ ಎಂದು ನನ್ನ ಕಿವಿಯಲ್ಲಿ ಕೇಳಿದ. ನಾನು ಬಾಯಿ ತೆರೆಯುವಷ್ಟರಲ್ಲಿ ಪಕ್ಕದ ಸೀಟಿನಿಂದ ಅಜ್ಜಯ್ಯ ಮೇಷ್ಟ್ರು, “ಉಣ್ಲಿ ಬಿಡ್ರಿ,” ಎಂದರು. ಅವರ ಟಿಕೆಟ್ಟು ಮಡಿಲಲ್ಲಿತ್ತು, ಅದರ ಮೇಲೆ ಏನೂ ಬರೆದಿರಲಿಲ್ಲ.

ತಟ್ಟೆ ಖಾಲಿಯಾಯಿತು. ಹೊರಗೆ ಮೆಟ್ಟಿಲ ಮೇಲಿದ್ದವನು ಎದ್ದು ನಿಂತ. ಹಾಲಕ್ಕನ ಕೈ ಸೀಟಿನ ಬೆನ್ನನ್ನು ಇನ್ನೂ ಬಿಗಿಯಾಗಿ ಹಿಡಿಯಿತು. ವನಮಾಲ ಒಂದು ಲೋಟ ನೀರು ಕುಡಿದಳು, ಬಾಗಿಲ ಕಡೆ ಒಮ್ಮೆ ನೋಡಿದಳು, ಕ್ಯಾರಿಯರಿನ ಕೆಳಗಿನ ಡಬ್ಬಿಯ ಮುಚ್ಚಳ ತೆಗೆದು ಇನ್ನಷ್ಟು ಅನ್ನ ಹಾಕಿಕೊಂಡಳು.